ಅಮಾಸಿಯ ಓದು

ಆಗೂದಿಲ್ಲ ಅಂದವಳು ನಮ್ಮತ್ತಿ. ಅಪ್ಪನ ಅಕ್ಕ, ನನ್ನನ್ನು ಸಾಕಿದವಳು. ಬೆಳಗಾವಿಯಲ್ಲಿ ಪುಸ್ತಕ ಮಾಡುವವರ ಹತ್ತಿರ ನನಗೆ ಕೆಲಸ ಸಿಕ್ಕಿತು ಎಂದು ಹೇಳಲು ನಮ್ಮೂರು ಗುಂಜಿಗೆ ಹೋದ ದಿನ ಅವಳು ಎಮ್ಮೆಯ ಕೆಚ್ಚಲು ತೊಳೆಯುತ್ತಿದ್ದಳು. ತಿರುಗಿ ಕೂಡ ನೋಡಲಿಲ್ಲ.

"ಮಾಡವ್ವಾ, ಮಾಡು. ಮಂದೀ ಪುಸ್ತಕ ಮಾಡು. ನಮ್ಮಂಥವರ ಹೆಸರು ಇರೂತನಾ ರೇಶನ್ ಕಾರ್ಡಿನ್ಯಾಗ, ಸತ್ತಮ್ಯಾಲ ಎಲ್ಲೀ ಇಲ್ಲ. ಪುಸ್ತಕದಾಗ ಬರೂದಂತೂ ಎಂದೂ ಆಗೂದಿಲ್ಲ."

ನನ್ನನ್ನೇ ಹಂಗಿಸುತ್ತಿದ್ದಾಳೆ ಅಂದುಕೊಂಡೆ. ಅವಳು ತನ್ನ ತಮ್ಮನ, ನಮ್ಮಪ್ಪನ, ವಿಷಯ ಹೇಳುತ್ತಿದ್ದಳು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನಮ್ಮದು ಕಾಡಿನ ಅಂಚಿನಲ್ಲಿ ಎಮ್ಮೆ ಕಾಯುತ್ತ ಬಂದ ಮನೆ. ಮನೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಅಪ್ಪನಿಗೆ ಮಾತ್ರ ರೈಲು ಹಳಿಯ ಮೇಲೆ ಕೆಲಸ ಸಿಕ್ಕಿತ್ತು. ಮಳೆಗಾಲದಲ್ಲಿ ಹಳಿಯ ಮೇಲೆ ಮರ ಬಿದ್ದಿದೆಯೇ, ಮಣ್ಣು ಕುಸಿದಿದೆಯೇ ಎಂದು ನೋಡುತ್ತ ನಡೆಯುವ ಕೆಲಸ. ನಾನು ಸಾಲೆಗೆ ಹೋಗುತ್ತಿದ್ದಾಗ ಒಂದು ಮಳೆಗಾಲ ಅಪ್ಪ ಹಳಿಯಿಂದ ತಿರುಗಿ ಬರಲಿಲ್ಲ. ಮೋರಿಯ ಹತ್ತಿರ ಜಾರಿ ಬಿದ್ದ ಅಂದರು. ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಅತ್ತಿ ಹಾಲು ಮಾರಿ ನನ್ನನ್ನು ಓದಿಸಿದಳು. ಓದಿಸುತ್ತಲೇ, "ಓದಿ ಏನ್ ಕಟ್ಟಿ ಹಾಕ್ತಿ ನೋಡೂಣು" ಎಂದು ಬೈದಳು. ಖಾನಾಪುರದ ಕಾಲೇಜಿಗೆ ರೈಲಿನಲ್ಲಿ ಹೋಗಿಬಂದು ಒಂದು ಪದವಿ, ಆಮೇಲೆ ಬೆಳಗಾವಿಯಲ್ಲಿ ಇನ್ನೊಂದು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಹತ್ತನೆಯ ಇಯತ್ತೆಯನ್ನೂ ಯಾರೂ ದಾಟಿರಲಿಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. ಮೆಲ್ಲಗೆ ಹೇಳಬೇಕಾದ ಸಂಗತಿ ಇದಲ್ಲ.

ಅತ್ತಿಯ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅವಳು ಮೊಬೈಲು ಮೊದಲ ಸಲ ಬಡಿದರೆ ಎತ್ತುವುದಿಲ್ಲ. ಎರಡನೆಯ ಸಲಕ್ಕೂ ಇಲ್ಲ. ಮೂರನೆಯ ಸಲ ಬಡಿದಾಗ ಎತ್ತಿ, "ಹಾಂ, ನೀನ ಹೌದಲ್ಲ?" ಅನ್ನುತ್ತಾಳೆ. ನಮ್ಮ ಕಡೆ ಕಾಡಿನೊಳಗಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಒಮ್ಮೆಗೇ ಓ ಅನ್ನಬಾರದು. ಮನುಷ್ಯನಾದರೆ ಮತ್ತೆ ಕರೆಯುತ್ತಾನೆ. ಮನುಷ್ಯನಲ್ಲದ್ದು ಒಂದೇ ಸಲ ಕರೆಯುತ್ತದೆ. ಓ ಅಂದವನು ಅದರ ಹಿಂದೆ ಹೋಗುತ್ತಾನೆ. ಎರಡು ಪದವಿ ಪಡೆದವಳು ನಾನು, ಇದನ್ನು ನಂಬುತ್ತೀಯಾ ಎಂದು ಕೇಳಿದರೆ ಇಲ್ಲ ಅನ್ನುತ್ತೇನೆ. ಆದರೆ ಇವತ್ತಿಗೂ ಬೀದಿಯಲ್ಲಿ ಯಾರಾದರೂ ಕರೆದರೆ ಮೊದಲ ಸಲಕ್ಕೆ ನನ್ನ ಕುತ್ತಿಗೆ ತಿರುಗುವುದಿಲ್ಲ.

ನಮ್ಮ ಪ್ರಕಾಶನ ಇರುವುದು ಬೆಳಗಾವಿಯ ಶಹಾಪುರದ ಒಂದು ಗಲ್ಲಿಯಲ್ಲಿ. ಹಿಂದೆ ಮಗ್ಗದ ಮನೆಯಾಗಿದ್ದ ಎರಡು ಕೋಣೆ. ಗೋಡೆಯ ಆಚೆ ಇನ್ನೂ ಕರೆಂಟಿನ ಮಗ್ಗಗಳು ಓಡುತ್ತವೆ. ಬೆಳಗಿನಿಂದ ಸಂಜೆಯವರೆಗೆ ಖಟಕ್ ಖಟಕ್ ಖಟಕ್, ನೀರಿನ ಲೋಟ ಕೂಡ ಮೇಜಿನ ಮೇಲೆ ನಡುಗುತ್ತದೆ. ಪ್ರಕಾಶನ ನಡೆಸುವವರು ನಿವೃತ್ತ ಕನ್ನಡ ಅಧ್ಯಾಪಕಿ, ಎಲ್ಲರಿಗೂ ಅಕ್ಕೋರು. ಹೊಲಿಗೆ, ರಟ್ಟು, ಅಂಟು ಎಲ್ಲ ನೋಡಿಕೊಳ್ಳುವವರು ಬೈಂಡಿಂಗ್ ಚಾಚಾ. ತಲೆಮಾರುಗಳಿಂದ ಇದೇ ಊರಿನವರು, ಮನೆಯಲ್ಲಿ ಉರ್ದು, ನಮ್ಮೊಂದಿಗೆ ಕನ್ನಡ. ಪುಟ ಕಟ್ಟುವುದು, ಕರಡು ತಿದ್ದುವುದು, ಅಂಚೆಗೆ ಓಡುವುದು ನಾನು. ಪ್ರಕಾಶನ ಎಂದರೆ ಇಷ್ಟೇ ಮಂದಿ.

ಪುಸ್ತಕವನ್ನು ಹೇಗೆ ಆರಿಸುತ್ತೀರಿ ಎಂದು ಹೊಸ ಲೇಖಕರು ಕೇಳುತ್ತಾರೆ. ಉತ್ತರ ಕೇಳಿದರೆ ನಗುತ್ತಾರೆ. ನಾವು ಅಮಾಸಿಗೆ ಆರಿಸುತ್ತೇವೆ. ಅಮಾಸಿಯ ದಿನ ಮಗ್ಗಗಳಿಗೆ ರಜೆ. ತಿಂಗಳಲ್ಲಿ ಗೋಡೆ ಸುಮ್ಮನಿರುವ ದಿನ ಅದೊಂದೇ. ಆ ದಿನ ಮಧ್ಯಾಹ್ನ ಊಟವಾದ ಮೇಲೆ ಬಂದ ಹಸ್ತಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಅವತ್ತು ಯಾರೂ ಅಭಿಪ್ರಾಯ ಹೇಳುವ ಹಾಗಿಲ್ಲ. ಓದಿ ಮುಗಿದ ಮೇಲೆ ಹಸ್ತಪ್ರತಿ ಕಬ್ಬಿಣದ ಟ್ರಂಕಿಗೆ ಹೋಗುತ್ತದೆ. ಮುಂದಿನ ಅಮಾಸಿಗೆ, ಟ್ರಂಕು ತೆರೆಯದೆ, ಅಕ್ಕೋರು ಒಂದೇ ಪ್ರಶ್ನೆ ಕೇಳುತ್ತಾರೆ: "ಏನ್ ಉಳದತಿ?"

ಉಳಿದದ್ದಿದ್ದರೆ ಪುಸ್ತಕ. ಇಲ್ಲದಿದ್ದರೆ ವಾಪಸು. ಕ್ಯಾಂಪಿನ ಒಬ್ಬ ನಿವೃತ್ತ ಸೈನಿಕರ ಆತ್ಮಕಥೆ ಓದಿದ್ದೆವು. ತಿಂಗಳು ಕಳೆದ ಮೇಲೆ ಯುದ್ಧ ಯಾರಿಗೂ ನೆನಪಿರಲಿಲ್ಲ. ಸಿಟ್ಟು ಬಂದಾಗೆಲ್ಲ ಸಾಹೇಬರ ಗುಲಾಬಿ ಗಿಡಕ್ಕೆ ಉಪ್ಪು ನೀರು ಹಾಕುತ್ತಿದ್ದ ಅಡುಗೆಯವನು ಎಲ್ಲರಿಗೂ ನೆನಪಿದ್ದ. "ಅಡಗಿಯವನ ಪುಸ್ತಕ ಬರದು ಕೊಡ್ರಿ, ಮಾಡೂಣು" ಎಂದು ಅಕ್ಕೋರು ಬರೆದರು. ಸೈನಿಕರು ಸಿಟ್ಟಾದರು, ವರ್ಷ ಬಿಟ್ಟು ಬರೆದುಕೊಟ್ಟರು. ಚಲೋ ಪುಸ್ತಕ ಆಯಿತು.

ಇನ್ನೊಂದು ನಿಯಮವಿದೆ. ಬರೆದವರ ಪರಿಚಯ, ನಂಟು ಇದ್ದವರು ಆ ಪ್ರಶ್ನೆ ಕೇಳುವ ಅಮಾಸಿಗೆ ಬಾಯಿ ಬಿಡಬಾರದು. ಇದರ ಬಿಸಿ ನನಗೆ ತಟ್ಟಿದ್ದು ಖಾನಾಪುರದ ಕಾಕಾನ ಹಸ್ತಪ್ರತಿ ಬಂದಾಗ.

ಕಾಕಾ ಅಪ್ಪನ ಜೊತೆ ಹಳಿಯ ಮೇಲೆ ನಡೆದವರು. ಬಯಲುಸೀಮೆಯಿಂದ ಕೆಲಸಕ್ಕೆ ಬಂದು ಇಲ್ಲೇ ಉಳಿದು, ನಿವೃತ್ತರಾಗಿ ಖಾನಾಪುರದ ಸ್ಟೇಷನ್ ಬಾಜುವಿನ ಓಣಿಯಲ್ಲಿ ಮನೆ ಮಾಡಿದ್ದರು. ಹಳಿಯ ಮೇಲಿನ ತಮ್ಮ ವರ್ಷಗಳನ್ನು ಬರೆದಿದ್ದರು. ನಾನು ಈ ಪ್ರಕಾಶನದಲ್ಲಿರುವುದು ಅವರಿಗೆ ಗೊತ್ತಿರಲಿಲ್ಲ, ಅಂಚೆಯಲ್ಲಿ ಕಳಿಸಿದ್ದರು. "ನನಗ ಇವರ ಪರಿಚಯ ಅದರಿ" ಎಂದು ಅಕ್ಕೋರಿಗೆ ಮೊದಲೇ ಹೇಳಿದೆ.

"ಹಂಗಾರ ನೀನ ಓದು. ಓದೂದಕ್ಕ ಅಡ್ಡಿ ಇಲ್ಲ. ಬರೂ ಅಮಾಸಿಗಿ ಮಾತ್ರ ಬಾಯಿ ಮುಚ್ಚಿಕೊಂಡ ಕುಂದರಬೇಕು, ತಂಗಿ."

ಓದಿದೆ. ಮಳೆ, ಸುರಂಗ, ಜಿಗಣೆ, ಹಳಿಯ ಮೇಲೆ ಮಲಗಿದ್ದ ಹೆಬ್ಬಾವು. ಮೊದಲ ಭಾಗದ ತುಂಬ ಒಬ್ಬ ಮನುಷ್ಯ ಬರುತ್ತಿದ್ದ. ಅವನಿಗೆ ಹೆಸರಿರಲಿಲ್ಲ, ಬರೀ 'ಜೊತೆಗಾರ'. ಮೋರಿಯ ಪಕ್ಕ ಮೂರು ಕಲ್ಲು ಹೂಡಿ ಬೆಲ್ಲದ ಚಹಾ ಮಾಡುವವನು, ಅದಕ್ಕೆ ಗವತಿ ಚಹಾ ಎನ್ನುವ ನಿಂಬೆಹುಲ್ಲು ಕಿತ್ತು ಹಾಕುವವನು, ತಾನು ಕೊನೆಗೆ ಕುಡಿಯುವವನು. ಓದುತ್ತ ನನ್ನ ಮೂಗಿಗೆ ಆ ಹುಲ್ಲಿನ ವಾಸನೆ ಬಂತು. ಅಪ್ಪ ಮನೆಗೆ ಬಂದಾಗ ಅಂಗಿಯ ಕಿಸೆಯಲ್ಲಿ ಅದು ಇರುತ್ತಿತ್ತು. ಅರ್ಧ ದಾಟಿದ ಮೇಲೆ ಜೊತೆಗಾರ ಬರಲಿಲ್ಲ. ವರ್ಗವಾದ ಎಂದಿಲ್ಲ, ಸತ್ತ ಎಂದಿಲ್ಲ. ಒಂದು ಅಧ್ಯಾಯದಲ್ಲಿ ಚಹಾ ಸೋಸುತ್ತಿದ್ದವನು ಮುಂದಿನದರಲ್ಲಿ ಇಲ್ಲ. ಪುಟ ತಿರುವುತ್ತ ಹೋದೆ, ಅಪ್ಪ ಬರುತ್ತಾನೆ, ಈಗ ಬರುತ್ತಾನೆ ಎಂದು. ಹಸ್ತಪ್ರತಿ ಮುಗಿಯಿತು. ಗೋಡೆಯ ಆಚೆ ಮಗ್ಗಗಳು ಸುಮ್ಮನಿದ್ದವು.

ಆ ತಿಂಗಳು ಹೇಗೆ ಕಳೆಯಿತೆಂದು ಹೇಳುವುದು ಕಷ್ಟ. ನಮ್ಮಪ್ಪ ಒಂದು ಪುಸ್ತಕದೊಳಗೆ ಬಂದಿದ್ದ, ಅರ್ಧಕ್ಕೆ ಕಾಣೆಯಾಗಿದ್ದ. ಬೇರೆಯವರಿಗೆ ಅವನು ನೆನಪಿದ್ದರೆ ಉಳಿಯುತ್ತಿದ್ದ. ಇಲ್ಲದಿದ್ದರೆ ಹಸ್ತಪ್ರತಿಯ ಜೊತೆ ಅವನೂ ವಾಪಸು. ನನಗೆ ಬಾಯಿ ಬಿಡುವ ಹಕ್ಕಿರಲಿಲ್ಲ. ಚಾಚಾ ಎದುರು ಕೂತು ರಟ್ಟು ಕತ್ತರಿಸುವಾಗ, ನೆನಪಿದೆಯೇ ಚಾಚಾ, ಆ ಚಹಾದವನು ನೆನಪಿದ್ದಾನೆಯೇ ಎಂದು ಕೇಳಬೇಕೆನಿಸುತ್ತಿತ್ತು. ನಾಲಗೆ ಕಚ್ಚಿಕೊಳ್ಳುತ್ತಿದ್ದೆ.

ಅಮಾಸಿ ಬಂತು. "ಏನ್ ಉಳದತಿ?" ಅಂದರು ಅಕ್ಕೋರು, ಮತ್ತು ತಾವೇ ಮೊದಲು ಹೇಳಿದರು. "ನನಗ ಭಾಳೇನ ಉಳದಿಲ್ಲ. ಭಾಷಿ ಚೊಕ್ಕ ಐತಿ. ಗುಡ್ಡ ಚೊಲೋ ಅದಾವು. ಆದ್ರ ಗುಡ್ಡ ಎಲ್ಲಾರೂ ಬರೀತಾರ."

ಚಾಚಾ ಗಡ್ಡ ಕೆರೆದುಕೊಂಡರು.

"ನನಗ ಚಾ ಉಳದತಿ ನೋಡ್ರಿ. ಆ ಹುಲ್ಲು ತರಿಸಿ ಮನ್ಯಾಗ ಮಾಡಿಸಿದೆ. ಬೇಗಂ ಕುಡದು, ಇದೇನು ಎಮ್ಮೀಗಿ ಹಾಕೂದು ನನಗ ಹಾಕಾಕತ್ತೀರಿ ಅಂದಳು."

ಅಕ್ಕೋರು ನಕ್ಕರು. ಆಮೇಲೆ ನಗು ನಿಂತಿತು. "ತಡೀರಿ ಚಾಚಾ. ಆ ಚಾ ಮಾಡೂ ಮನಷ್ಯಾ ಆಮ್ಯಾಲ ಎಲ್ಲಿ ಹೋದ?"

"ಅದ ಅಂತೇನಿ. ಎಲ್ಲೀ ಹೋಗಲಿಲ್ಲ. ಬರಲೂ ಇಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಕ್ಕೋರು ನನ್ನ ಕಡೆ ತಿರುಗಿದರು. ನಾನು ಸೆರಗಿನ ತುದಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ ಅವರಿಗೇ ಗೊತ್ತು. ಇಷ್ಟೇ ಅಂದರು: "ಖಾನಾಪುರಕ್ಕ ಹೋಗಿ ಬಾ. ನೀ ಏನೂ ಹೇಳಬ್ಯಾಡ. ನಾವು ಬರಿಯೂ ಮಂದಿ ಅಲ್ಲ, ಕೇಳೂ ಮಂದಿ. ಅವ ಎಲ್ಲಿ ಹೋದಾ ಅಂತ ಅಷ್ಟ ಕೇಳು."

ಕಾಕಾ ಬಾಗಿಲು ತೆರೆದಾಗ ನನ್ನ ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಸಿಕ್ಕಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದರು. "ನಿಮ್ಮಪ್ಪನ ಹಣಿ ಐತಿ ನಿನಗ. ಕುಂದರವ್ವ" ಅಂದರು. ಕಿಟಕಿಯಾಚೆ ಹಳಿ ಕಾಣುತ್ತಿತ್ತು. ಯಾಕೆ ಬಂದೆ ಎಂದು ಹೇಳಿದೆ.

"ಪುಸ್ತಕ ಅರ್ಧಾ ಆದಮ್ಯಾಲ ಜೊತೆಗಾರ ಎಲ್ಲಿ ಹೋದಾ ಅಂತ ಕೇಳಿದಾರ್ರಿ ನಮ್ಮವರು."

"ನೀ ಕೇಳಲಿಲ್ಲ?"

"ನನಗ ಕೇಳೂ ಹಕ್ಕಿಲ್ಲರಿ, ಕಾಕಾ. ನಿಯಮ."

"ಹುಚ್ಚಿ" ಅಂದರು. "ನಿನಗಿಲ್ಲಂದ್ರ ಮತ್ತ್ಯಾರಿಗಿ ಐತಿ?"

ಆಮೇಲೆ ಹೇಳಿದರು. ನಾನು ಕೇಳಿದ ಹಾಗೆಯೇ ಬರೆಯುತ್ತಿದ್ದೇನೆ.

"ನಾ ಬೈಲಸೀಮ್ಯಾಂವ. ಕಾಡು ನೋಡಿದಾಂವಲ್ಲ. ಮೊದಲನೇ ದಿನಾನ ನಿಮ್ಮಪ್ಪ ಹೇಳಿದ್ದಾ, ಒಂದ ಸಲ ಕರದ್ರ ಓ ಅನಬ್ಯಾಡ ದೋಸ್ತ, ಮೂರನೇದಕ್ಕ ಅನು. ನಾವಿಬ್ಬರೂ ಹಂಗ ಇದ್ವಿ. ಅವ ಅತ್ಲಾಗಿಂದ, ನಾ ಇತ್ಲಾಗಿಂದ ನಡಕೋತ ಬಂದು ಮೋರಿ ಹತ್ರ ಕೂಡತಿದ್ವಿ. ಮಂಜಿನ್ಯಾಗ ಮಾರಿ ಕಾಣತಿರಲಿಲ್ಲ. ಅವ ಮೂರು ಸಲ ಕೂಗೂದು, ನಾ ಓ ಅನ್ನೂದು, ಆಮ್ಯಾಲ ಚಾ. ವರ್ಷಾನಗಟ್ಲೆ ಹಂಗ ನಡೀತು."

"ಅವತ್ತ?"

"ಅವತ್ತ ಒಂದ ಸಲ ಕರದಾ."

ಹಳಿಯ ಮೇಲೆ ಒಂದು ಗೂಡ್ಸ್ ಹೋಯಿತು. ಅದು ಪೂರ್ತಿ ದಾಟುವವರೆಗೆ ಅವರು ಕಾದರು.

"ಬೆಳಕ ಹರೀತಿತ್ತು. ನನ್ನ ಹೆಸರಾನ, ಅವನ ಧ್ವನೀನ. ನಿಂತೆ. ಇನ್ನೊಮ್ಮಿ ಕರೀಲಿ ಅಂತ ನಿಂತೆ. ಕರೀಲಿಲ್ಲ. ಇದು ಅವಲ್ಲ, ಒಂದ ಸಲ ಕರಿಯೂ ಅದು ಅಂದಕೊಂಡು, ಎದಿ ಹಿಡಕೊಂಡು ಹಿಂದಕ ಬಂದೆ. ಆಮ್ಯಾಲ ಮಂದಿ ಹೋಗಿ ನೋಡಿದ್ರ ಮೋರಿ ಕೆಳಗ ಇದ್ದಾ. ಓ ಅಂದಿದ್ರ ಉಳೀತಿದ್ದಾ ಅಂತ ಹೇಳಾಕ ಬರೂದಿಲ್ಲ. ಉಳೀತಿರಲಿಲ್ಲ ಅಂತ ಹೇಳಾಕೂ ಬರೂದಿಲ್ಲ. ಬರಿಯಾಕ ಕುಂತ್ರ ಅಲ್ಲಿಗಿ ಕೈ ನಿಂದರತೈತಿ. ಜಿಗದು ಮುಂದಿನ ಮಳಿಗಾಲಕ್ಕ ಹೋಗಿಬಿಟ್ಟೆ."

ನನಗೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳು. ಎದ್ದು ಕಿಟಕಿಯ ಹತ್ತಿರ ನಿಂತೆ. ಆ ಒಂದು ಕರೆ ಇಷ್ಟು ವರ್ಷ ಹಳಿಯ ಮೇಲೇ ನಿಂತಿತ್ತು ಅನ್ನಿಸಿತು. ನಾನು ಕಾಲೇಜಿಗೆ ಹೋಗುತ್ತಿದ್ದ ರೈಲು ದಿನವೂ ಅದರ ಮೇಲೆಯೇ ದಾಟಿತ್ತು. ಪುಸ್ತಕ ಓದುತ್ತ ಕೂತು ನಾನು ಅದನ್ನು ಹಾಯ್ದು ಹೋಗಿಬಂದಿದ್ದೆ. ಆಮೇಲೆ ಇನ್ನೊಂದು ಅನ್ನಿಸಿತು: ಆ ಜಾಗದಲ್ಲಿ ನಾನಿದ್ದರೂ ಓ ಅನ್ನುತ್ತಿರಲಿಲ್ಲ. ಅತ್ತಿಯೂ ಅನ್ನುತ್ತಿರಲಿಲ್ಲ. ಅಪ್ಪನಂತೂ ಖಂಡಿತ ಅನ್ನುತ್ತಿರಲಿಲ್ಲ.

"ನೀವು ಹೇಳ್ರಿ, ನಾ ಬರಕೋತೇನಿ. ಒಂದು ಮಾತೂ ನಂದು ಹಾಕೂದಿಲ್ಲ" ಅಂದೆ.

"ಹೇಳತೇನಿ. ಆದ್ರ ಮೊದಲ ನಿಮ್ಮತ್ತಿಗಿ ಓದಿ ತೋರಸು. ಆಕಿ ಬ್ಯಾಡಂದ್ರ ಬ್ಯಾಡ. ಪುಸ್ತಕಾನೂ ಬ್ಯಾಡ."

ಅವರು ಹೇಳಿದ್ದನ್ನು ಬರೆದುಕೊಂಡು ಗುಂಜಿಗೆ ಹೋದೆ. ಅತ್ತಿ ಮಜ್ಜಿಗೆ ಕಡೆಯುತ್ತಿದ್ದಳು. ಅವಳ ಎದುರು ಕೂತು ಆ ಪುಟ ಓದಿದೆ. 'ಒಂದ ಸಲ ಕರದಾ' ಅನ್ನುವಲ್ಲಿ ಕಡಗೋಲು ನಿಂತಿತು. ಹಗ್ಗವನ್ನು ಕೈಯಲ್ಲಿ ಹಿಡಿದೇ ಇದ್ದಳು. ಹಿತ್ತಲಲ್ಲಿ ಎಮ್ಮೆ ಒಮ್ಮೆ ಒದರಿತು. ಅವಳು ಅದಕ್ಕೂ ತಿರುಗಲಿಲ್ಲ.

"ಅಂದ್ರ ನಮ್ಮವ ಕಲಿಸಿದ್ದು ಛಂದ ಕಲತಾನ" ಅಂದಳು ಕೊನೆಗೆ.

ಅದು ಬೈಗುಳವೋ, ಹೊಗಳಿಕೆಯೋ, ಅಳುವೋ ನನಗೆ ತಿಳಿಯಲಿಲ್ಲ. ಮೂರೂ ಇದ್ದಿರಬೇಕು.

"ಹಾಕ್ರಿ" ಅಂದಳು ಆಮೇಲೆ. "ಆದ್ರ ಅವನ ಹೆಸರು ಹಾಕ್ರಿ. ಜೊತೆಗಾರ, ಜೊತೆಗಾರ ಅಂದ್ರ ಯಾರಂತ ತಿಳೀಬೇಕು? ಅವಂಗೇನು ಹೆಸರಿರಲಿಲ್ಲ?" ಮತ್ತೆ ಕಡೆಯಲು ಶುರುಮಾಡಿದಳು, ಸ್ವಲ್ಪ ಜೋರಾಗಿಯೇ.

ಕಾಕಾನ ಬಾಯಿಂದ ಬಂದ ಆ ಪುಟವನ್ನು ಸೇರಿಸಿ ಮತ್ತೊಂದು ಅಮಾಸಿಗೆ ಓದಿದೆವು. ಈಗಾದರೂ ಒಪ್ಪಿ ಎಂದು ಚಾಚಾ ಅಂದರೂ ಅಕ್ಕೋರು ಒಪ್ಪಲಿಲ್ಲ. "ಇವತ್ತ ಅತ್ತೀವಿ, ಖರೇ. ಅತ್ತದ್ದು ಉಳದದ್ದಲ್ಲ" ಎಂದು ಟ್ರಂಕಿಗೆ ಹಾಕಿ ಬೀಗ ಜಡಿದರು. ತಿಂಗಳು ಕಾದೆವು. ಮುಂದಿನ ಅಮಾಸಿಗೆ ಅಕ್ಕೋರು ಕೇಳುವ ಮೊದಲೇ ಚಾಚಾ ಅಂದರು, "ಬೇಟಿ, ನಿಮ್ಮ ಪುಸ್ತಕದಿಂದ ನನ್ನ ಸಂಸಾರ ಕೆಡತೈತಿ. ಬೇಗಂ ಕರದ್ರ ನಾ ಓ ಅನ್ನವಲ್ಲೆ. ಇನ್ನೊಮ್ಮಿ ಕರೀಲಿ ಅಂತ ಕುಂದರತೇನಿ. ಆಕಿ ಇನ್ನೊಮ್ಮಿ ಕರಿಯೂದಿಲ್ಲ, ಲಟ್ಟಣಿಗಿ ಹಿಡಕೊಂಡ ಬರತಾಳ."

"ಉಳದತಿ" ಅಂದರು ಅಕ್ಕೋರು. ಟ್ರಂಕಿನ ಕೀಲಿ ನನ್ನ ಕೈಗೆ ಕೊಟ್ಟರು. ಅವತ್ತೇ ನಾನು ಹೇಳಿದೆ, ಆ ಮನುಷ್ಯ ನಮ್ಮಪ್ಪ ಎಂದು. "ಗೊತ್ತಿತ್ತು ತಂಗಿ" ಅಂದರು, "ಓದುವಾಗ ಅವ ಬಂದಲ್ಲೆಲ್ಲ ನಿನ್ನ ಧ್ವನಿ ಸಣ್ಣದಾಗತಿತ್ತು."

ಮುಂದಿನದು ಎಲ್ಲ ಪುಸ್ತಕಗಳಿಗೂ ಇರುವ ಕೆಲಸ. ಕಾಕಾ ಒಪ್ಪಿದ ಮೇಲೆ 'ಜೊತೆಗಾರ' ಇದ್ದಲ್ಲೆಲ್ಲ ಅಪ್ಪನ ಹೆಸರು ಹಾಕಿ ಪುಟ ಕಟ್ಟಿದೆ. ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಪೆನ್ಸಿಲು ಆಡಿಸುವುದು, ಹಾಗೆ ಕರಡು ತಿದ್ದಿದೆವು. ಮಗ್ಗದ ಸದ್ದಿನಲ್ಲಿ ಅಕ್ಕೋರು ಕೂಗಿ ಕೂಗಿ ಓದಬೇಕಾಗುತ್ತಿತ್ತು. ಅಪ್ಪನ ಹೆಸರು ಬಂದಲ್ಲೆಲ್ಲ ಅದನ್ನೂ ಕೂಗಿಯೇ ಓದಿದರು. ಅಷ್ಟು ಗಟ್ಟಿಯಾಗಿ ಆ ಹೆಸರನ್ನು ನಾನು ಚಿಕ್ಕವಳಿದ್ದಾಗ ಕೇಳಿದ್ದೇ ಕೊನೆ. ಮುಖಪುಟಕ್ಕೆ ರೈಲಿನ ಚಿತ್ರ ಹಾಕೋಣವೇ ಅಂದೆ. "ಬ್ಯಾಡ. ಮಂಜಿನ ಬಣ್ಣದ ಕಾಗದ ನೋಡು" ಅಂದರು. ಉದ್ಯಮಬಾಗದ ಪ್ರೆಸ್ಸಿನಲ್ಲಿ ಅಚ್ಚಾಗಿ ದೊಡ್ಡ ದೊಡ್ಡ ಹಾಳೆಗಳು ರಿಕ್ಷಾದಲ್ಲಿ ಬಂದವು. ಚಾಚಾ ಮಡಿಸಿದರು, ಮಡಿಸಿದ್ದನ್ನು ನಾನು ಸಾಲಾಗಿ ಜೋಡಿಸಿದೆ, ಅವರು ಹೊಲಿದರು. ನಾವು ಇನ್ನೂ ದಾರದಲ್ಲೇ ಹೊಲಿಯುತ್ತೇವೆ. ಬರೀ ಅಂಟು ಹಚ್ಚಿದ ಪುಸ್ತಕ ನಮ್ಮ ಮಳೆಗಾಲಕ್ಕೆ ಬಾಯಿ ಬಿಡುತ್ತದೆ.

ಹೊಲಿಗೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳು ಒಮ್ಮೆಲೇ ನಿಂತವು. ಆ ಮೌನದಲ್ಲಿ ಗಲ್ಲಿಯಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಒಂದೇ ಸಲ.

ಚಾಚಾನ ಸೂಜಿ ನಿಂತಿತು. "ಯಾರೋ ಕರದಂಗಾತಲ್ಲ?"

ನಾನು ಕಾದೆ. ಮೈಯಲ್ಲಿ ಬಂದ ಅಭ್ಯಾಸ. ಎರಡನೆಯ ಕರೆ ಬರಲಿಲ್ಲ. ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಟ್ಟು, ಎದ್ದು, ಬಾಗಿಲು ದಾಟಿ ಗಲ್ಲಿಗೆ ಹೋದೆ. "ಓ" ಅಂದೆ, ಗಟ್ಟಿಯಾಗಿ. ಎದುರು ಮನೆಯ ಹೆಂಗಸು ಸಂಡಿಗೆ ತೆಗೆಯುತ್ತಿದ್ದವಳು ತಲೆ ಎತ್ತಿ ನೋಡಿದಳು. ಬೇರೆ ಯಾರೂ ಇರಲಿಲ್ಲ. ಗಲ್ಲಿಯ ಕೊನೆಯವರೆಗೂ ಹೋಗಿ ನೋಡಿ ಬಂದೆ. ಬಂದಾಗ ಕರೆಂಟು ಬಂದಿತ್ತು, ಮಗ್ಗ ಓಡುತ್ತಿದ್ದವು. ಚಾಚಾ ಸೂಜಿಗೆ ಹೊಸ ದಾರ ಪೋಣಿಸಿದರು.

ಪುಸ್ತಕ ಹೊರಬಂದ ಮೇಲೆ ತಾಲೂಕಿನ ಓದುಗರು ಕೆಲವರು ಸೇರಿ ಗುಂಜಿಯ ಸಾಲೆಯಲ್ಲಿ ಒಂದು ಸಣ್ಣ ಸಭೆ ಮಾಡಿ ಕಾಕಾನಿಗೆ ಸನ್ಮಾನ ಪತ್ರ ಕೊಟ್ಟರು. ಚೌಕಟ್ಟು ಹಾಕಿದ್ದು, ಅಂಚಿಗೆ ಬಂಗಾರದ ಬಣ್ಣದ ಬಳ್ಳಿ. ಅತ್ತಿ ಬರುವುದಿಲ್ಲ ಅಂದಿದ್ದಳು. ಬಂದು ಹಿಂದಿನ ಬೆಂಚಿನಲ್ಲಿ, ಬಾಗಿಲ ಪಕ್ಕದಲ್ಲಿ ಕೂತಿದ್ದಳು. ಅಪ್ಪ ಹೋದ ಮೇಲೆ ಅವಳೂ ಕಾಕಾನೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಕಾಕಾ ಭಾಷಣ ಮಾಡಲಿಲ್ಲ. ಪತ್ರ ಎದೆಗೆ ಹಿಡಿದುಕೊಂಡು ವೇದಿಕೆ ಇಳಿದು, ಬೆಂಚುಗಳ ನಡುವೆ ನಿಧಾನ ನಡೆದು ಬಂದು, ಅವಳ ಎದುರು ನಿಂತರು.

"ಅಕ್ಕಾ" ಅಂದರು.

ಅತ್ತಿ ಕಿಟಕಿಯ ಕಡೆ ನೋಡುತ್ತಿದ್ದಳು.

"ಅಕ್ಕಾ."

ಅವಳ ಕೈ ಸೆರಗಿನೊಳಗೇ ಇತ್ತು.

"ಅಕ್ಕಾ."

"ಓ" ಅಂದಳು ಅತ್ತಿ, ಮತ್ತು ಕೈ ಚಾಚಿದಳು.

ಕಾಕಾ ಪತ್ರವನ್ನು ಅವಳ ಕೈಯಲ್ಲಿಟ್ಟರು. ಅವಳು ಗಾಜಿನ ಮೇಲೆ ಬೆರಳು ಆಡಿಸಿ ನನ್ನ ಕಡೆ ತಿರುಗಿದಳು. "ಇದರಾಗ ನಮ್ಮವನ ಹೆಸರೈತೇನು?"

"ಇದರಾಗಿಲ್ಲತ್ತಿ. ಪುಸ್ತಕದಾಗೈತಿ."

"ಹಂಗಾರ ಅದನ್ನ ತಗೀ. ಅವನ ಹೆಸರಿದ್ದಲ್ಲಿ ಓದು."

ನಾನು ಪುಟ ತೆರೆದೆ. ಓದಲು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಮೊಣಕೈ ಹಿಡಿದಳು.

"ಒಮ್ಮಿ ಓದಿ ನಿಂದರಬ್ಯಾಡ. ಮೂರು ಸಲ ಓದು. ಒಂದ ಸಲಕ್ಕ ಅವ ಓ ಅನ್ನೂದಿಲ್ಲ."